ರಾತ್ರಿ ಅನ್ನ ಬಿಟ್ಟರೆ ಸಕ್ಕರೆ ಏರುವುದಿಲ್ಲವೇ? ಸತ್ಯಾಂಶ ಇಲ್ಲಿದೆ

‘ರಾತ್ರಿ ಅನ್ನ ವಿಷ, ಚಪಾತಿ ಅಥವಾ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು’ ಎಂಬ ವಾಟ್ಸಾಪ್ ಸಂದೇಶ ನಂಬಿ ಹಿರಿಯರು ಸಂಜೆಯಾದರೆ ಅನ್ನದ ಪಾತ್ರೆಯತ್ತ ನೋಡಲೂ ಅಂಜುತ್ತಾರೆ. ಸಂದೇಶ ತಪ್ಪು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪೋಷಕಾಂಶಗಳ ಕೋಷ್ಟಕದ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದೆ. ಗೋಧಿಹಿಟ್ಟಿನಲ್ಲಿ 64, ರಾಗಿಯಲ್ಲಿ 67. ಅಂತರ ಅಷ್ಟೇ. ನಾರಿನಂಶ ಗೋಧಿ, ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ನಾರು ಸಕ್ಕರೆ ಏರುವುದನ್ನು ನಿಧಾನಿಸುವುದರಿಂದ ಇದು ನಿಜವಾದ ಅನುಕೂಲ, ಒಪ್ಪೋಣ. ಆದರೆ ಒಂದು ಬಟ್ಟಲು ಅನ್ನ ಬಿಟ್ಟು ನಾಲ್ಕು ಚಪಾತಿ ತಿಂದರೆ ಒಟ್ಟು ಶರ್ಕರಪಿಷ್ಟ ಹೆಚ್ಚೇ ಆಗುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ಸಕ್ಕರೆ ಏರಿಸುತ್ತದೆ.

ಸಂದೇಶದಲ್ಲಿ ಒಂದೆಳೆ ಸತ್ಯವೂ ಇದೆ: ರಾತ್ರಿ ಇನ್ಸುಲಿನ್ ಕೆಲಸ ತುಸು ಮಂದ. ಹಾಗಾಗಿ ಅದೇ ಊಟ ಬೆಳಿಗ್ಗೆಗಿಂತ ರಾತ್ರಿ ಸಕ್ಕರೆಯನ್ನು ಹೆಚ್ಚು ಏರಿಸಬಹುದು. ಇದು ಅನ್ನಕ್ಕಷ್ಟೇ ಅಲ್ಲ, ಚಪಾತಿಗೂ ಅನ್ವಯಿಸುತ್ತದೆ.

ಅಡುಗೆ ಏನು ಎಂದು ಯೋಚಿಸುವಾಗ ತಟ್ಟೆಯ ಉಳಿದ ಭಾಗ ನೋಡಿ. ಬಸ್ಸಾರು, ಸೊಪ್ಪಿನ ಪಲ್ಯ, ಹುರುಳಿ ಅಥವಾ ಹೆಸರುಕಾಳು, ಮೊಟ್ಟೆ ಧಾರಾಳವಾಗಿದ್ದು ಅನ್ನ ಮಿತವಾಗಿದ್ದರೆ ಹೆದರಬೇಕಿಲ್ಲ. ಎಂಟು ಗಂಟೆಯೊಳಗೆ ಉಂಡರೆ ಇನ್ನೂ ಒಳ್ಳೆಯದು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಇಂಥ ಸಂದೇಶಕ್ಕೆ ಹೆದರಿ ರಾತ್ರಿಯೂಟವನ್ನೇ ಬಿಡಬೇಡಿ. ನಿದ್ದೆಯಲ್ಲೇ ಸಕ್ಕರೆ ತೀರ ಕುಸಿಯಬಹುದು. ಊಟ ಬದಲಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.