ಅಜ್ಜಿಯ ಪಾಲು

ಮೊನ್ನೆ ಬೆಳಿಗ್ಗೆ ನಮ್ಮ ಬಸ್ ಸ್ಟಾಪಿಗೆ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದ. "ಸಾರ್, ಬೆಂಗಳೂರು ಟ್ರಾಫಿಕ್ ಬಗ್ಗೆ ಸರ್ವೆ. ನೀವೂ ಪಾಲುದಾರರು."

ಪಕ್ಕದಲ್ಲಿದ್ದ ಸೊಪ್ಪಿನ ಅಜ್ಜಿ ಬುಟ್ಟಿ ಕೆಳಗಿಟ್ಟರು. "ಪಾಲಾ? ಯಾವ ಜಮೀನಲ್ಲಪ್ಪಾ?"

ಕೇಳಿದ್ದು ಸರಿಯಾಗೇ ಇತ್ತು. ಈ ಊರಿನ ರಸ್ತೆ ಅವಿಭಕ್ತ ಕುಟುಂಬದ ಆಸ್ತಿ. ಜಲಮಂಡಳಿ ಅಗೆದು ಮುಚ್ಚಿದ ಮೇಲೇ ಬೆಸ್ಕಾಂಗೆ ಕೇಬಲ್ ನೆನಪಾಗುವುದು. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾನೂನೂ ಆಯ್ತು. ಎಲೆ ಹಾಕಿದ್ದಾರೆ, ಊಟ ಬರಬೇಕು.

ಕಾರಿನವರು ಹಿರೀಮಗ. ನೆಲದ ಮೇಲಿನ ಪಾಲು ಸಾಲದು ಅಂತ ಅವರಿಗೆ ಹೆಬ್ಬಾಳದಿಂದ ಸಿಲ್ಕ್‌ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗದ ಯೋಜನೆ. ಬೈಕು, ಆಟೋಗೆ ಪ್ರವೇಶ ಇಲ್ಲವಂತೆ. 2017ರಲ್ಲಿ ಶುರುವಾದ ಈಜಿಪುರದ ಎರಡೂವರೆ ಕಿಲೋಮೀಟರ್ ಮೇಲ್ಸೇತುವೆ 2025ರಲ್ಲೂ ಮುಗಿಯಲಿಲ್ಲ. ಅದೇ ಲೆಕ್ಕದಲ್ಲಿ ಸುರಂಗಕ್ಕೆ ಎಷ್ಟು ವರ್ಷ ಅಂತ ನೀವೇ ಹಾಕಿಕೊಳ್ಳಿ. ನಾನಂತೂ ಇನ್ನೂ ಹುಟ್ಟದ ಮೊಮ್ಮಗನ ಹೆಸರಲ್ಲಿ ಕಾರು ಬುಕ್ ಮಾಡೋಣ ಅಂತಿದ್ದೇನೆ.

ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಹೋಯ್ತು. ಕಾರು ಬಿಡಿ, ಮೆಟ್ರೋ ಹತ್ತಿ ಅನ್ನೋ ಉಪದೇಶ ಮಾತ್ರ ಇನ್ನೂ ಪುಕ್ಕಟೆ.

ಹುಡುಗ ಮೊದಲ ಪ್ರಶ್ನೆ ಕೇಳಿದ. "ನಿಮ್ಮ ವಾಹನ ಯಾವುದು ಸಾರ್? ಕಾರು, ಬೈಕು, ಕ್ಯಾಬ್, ಇತರೆ."

"ಬಸ್ಸು."

"ಇತರೆ ಹಾಕ್ತೀನಿ ಸಾರ್."

ಅಷ್ಟರಲ್ಲಿ ಫುಟ್‌ಪಾತ್ ಮೇಲೇ ಬಂದ ಬೈಕೊಂದು ನಮಗೆ ಹಾರ್ನ್ ಹೊಡೆಯಿತು. ದಾರಿಗೆ ಅಡ್ಡ ನಿಂತಿದ್ದವರು ನಾವೇ ಅಲ್ವಾ? ಸರಿದು ನಿಂತೆವು.

"ಅಜ್ಜಿ, ನೀವು ಹೇಗೆ ಓಡಾಡ್ತೀರಿ?"

"ಮಾರ್ಕೆಟ್ಟಿಂದ ಬಸ್ಸು, ಇಲ್ಲಿಂದ ಇನ್ನೊಂದು ಬಸ್ಸು. ಆಮೇಲೆ ಬೀದಿ ಬೀದಿ ನಡಿಗೆ."

"ನಡಿಗೆ ಇದರಲ್ಲಿ ಇಲ್ಲ ಅಜ್ಜಿ."

"ರೋಡಲ್ಲೂ ಇಲ್ಲ ಕಣಪ್ಪಾ."

ಬಸ್ಸು ಬಂತು. ಸ್ಟಾಪು ದಾಟಿ ಐವತ್ತು ಹೆಜ್ಜೆ ಆಚೆ, ನಡುರಸ್ತೆಯಲ್ಲಿ ನಿಂತಿತು. "ಹಿಡ್ಕೋ" ಅಂತ ಅಜ್ಜಿ ಬುಟ್ಟಿಯನ್ನು ಹುಡುಗನ ಕೈಗೆ ತುರುಕಿ ಸೀರೆ ಎತ್ತಿಕೊಂಡು ಓಡಿದರು. ಹಿಂದೆ ಅವನು, ಕಂಕುಳಲ್ಲಿ ಟ್ಯಾಬು, ತಲೆ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆ. ಅವನು ಇಳಿಯುವ ಮೊದಲೇ ಬಾಗಿಲು ಮುಚ್ಚಿತು.

ಕಂಡಕ್ಟರ್ ಬಂದರು. ಶಕ್ತಿ ಯೋಜನೆ, ಅಜ್ಜಿಗೆ ಶೂನ್ಯ ಟಿಕೆಟ್. "ಬುಟ್ಟಿ ಯಾರದ್ದು? ನಿಂದಾ? ಲಗೇಜ್ ಚಾರ್ಜ್ ತೆಗಿಯಪ್ಪಾ."

ಹುಡುಗ ಅಜ್ಜಿಯ ಮುಖ ನೋಡಿದ. ಅಜ್ಜಿ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.