ಬ್ಲಾಕ್ ಪ್ಲೇ ಬೈಯುವ ಮೊದಲು ಹಾಫ್‌ಬ್ಯಾಕ್‌ನ ಕಾಲು ನೋಡಿ

ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಾವಳಿ ಎನ್‌ಆರ್‌ಎಲ್ ನೋಡುವವರ ಬಾಯಲ್ಲಿ ಒಂದೇ ದೂರು. ಎಲ್ಲ ತಂಡಗಳೂ ಒಂದೇ ಥರ ಆಡ್ತಿವೆ, ಹಳೇ ಕೈಚಳಕ ಹೋಯ್ತು, ಎಲ್ಲಿ ನೋಡಿದರೂ ಬ್ಲಾಕ್ ಪ್ಲೇ, ಅಂದರೆ ಒಬ್ಬ ಮುಂದೆ ಓಡಿ ಡಿಫೆಂಡರ್‌ನನ್ನು ಸೆಳೆದು, ಅವನ ಹಿಂದಿನಿಂದ ಬರುವವನಿಗೆ ಚೆಂಡು ಕೊಡುವ ಪಟ್ಟು. ಒಂದೇ ಥರ ಕಾಣುತ್ತಿರುವುದು ನಿಜ. ಆದರೆ ತಪ್ಪು ಆ ಪಟ್ಟಿನದಲ್ಲ, ಅದನ್ನು ಅರೆಬರೆ ಆಡುವವರದು.

ಹಳೇ ಪಟ್ಟುಗಳು ಹುಟ್ಟಿದ್ದು ಬೇರೆಯೇ ನಿಯಮಗಳಲ್ಲಿ. 1966ರವರೆಗೆ ಟ್ಯಾಕಲ್‌ಗೆ (ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ನಿಲ್ಲಿಸುವುದು) ಮಿತಿಯೇ ಇರಲಿಲ್ಲ, ಎಷ್ಟು ಸಲ ಟ್ಯಾಕಲ್ ಆದರೂ ಚೆಂಡು ಅದೇ ತಂಡದ್ದು, ಚೆಂಡು ಸಿಕ್ಕವರದೇ ರಾಜ್ಯ. ಸಿಡ್ನಿಯ ಸೇಂಟ್ ಜಾರ್ಜ್ ತಂಡ ಸತತ 11 ಪ್ರಶಸ್ತಿ ಗೆದ್ದದ್ದು ಆ ಕಾಲದಲ್ಲೇ. ಆಸ್ಟ್ರೇಲಿಯಾದಲ್ಲಿ 1967ಕ್ಕೆ ನಾಲ್ಕು ಟ್ಯಾಕಲ್ ಮಿತಿ ಬಂತು, 1971ಕ್ಕೆ ಆರು. ಆಗ ಡಿಫೆನ್ಸ್ ಐದೇ ಮೀಟರ್ ಹಿಂದೆ ನಿಲ್ಲುತ್ತಿತ್ತು. ಜಾಗ ಇಲ್ಲದಿದ್ದಾಗ ಕಣ್ಣು ತಪ್ಪಿಸಲೇಬೇಕು. ಹಾಗಾಗಿ ಪೆನಾಲ್ಟಿ ಟ್ಯಾಪ್ (ಎದುರಾಳಿಯ ತಪ್ಪಿಗೆ ಚೆಂಡನ್ನು ಕಾಲಿಗೆ ತಾಗಿಸಿ ಆಟ ಶುರುಮಾಡುವ ಅವಕಾಶ) ಸಿಕ್ಕರೆ ನಾಲ್ಕೈದು ಜನ ಎದುರಾಳಿಗೆ ಬೆನ್ನು ಹಾಕಿ ಗೋಡೆ ಕಟ್ಟಿ, ಚೆಂಡು ಯಾರ ಕೈಲಿದೆ ಅಂತ ತಿಳಿಯದ ಹಾಗೆ ಒಟ್ಟಿಗೇ ತಿರುಗಿ ಓಡುತ್ತಿದ್ದರು. 90ರ ದಶಕದಲ್ಲಿ ಆ ಅಂತರ ಹತ್ತು ಮೀಟರ್ ಆಯಿತು. ಪ್ರತಿ ಟ್ಯಾಕಲ್ ಆದಮೇಲೂ ಜಾಗ ತಾನಾಗಿಯೇ ಸಿಗತೊಡಗಿದ ಮೇಲೆ ಗೋಡೆ ಯಾರಿಗೆ ಬೇಕು?

ಬ್ಲಾಕ್ ಪ್ಲೇ ಬೆಳೆದದ್ದು ಈ ಹತ್ತು ಮೀಟರಿನಲ್ಲಿ. ಅದರ ಕೆಲಸ ಹೀಗೆ. ಡಿಫೆಂಡರ್‌ಗಳನ್ನು ಟಚ್‌ಲೈನ್ (ಮೈದಾನದ ಬದಿಗೆರೆ) ಕಡೆಯಿಂದ ಎಣಿಸಿ: ಒಂದನೆಯವನು ವಿಂಗರ್, ಎರಡನೆಯವನು ಸೆಂಟರ್. ಮೂರನೆಯವನೇ ಗುರಿ. ಆಟ ಕಟ್ಟುವ ಹಾಫ್‌ಬ್ಯಾಕ್ ಚೆಂಡು ಹಿಡಿದು ನೇರ ಡಿಫೆನ್ಸ್ ಲೈನಿಗೆ ನುಗ್ಗುತ್ತಾನೆ, ಸೆಕೆಂಡ್ ರೋ ಆಟಗಾರ ಆ ಮೂರನೆಯವನ ಒಳಭುಜದ ಕಡೆ ಓಡುತ್ತಾನೆ, ಆ ಓಟಗಾರನ ಬೆನ್ನ ಹಿಂದಿನಿಂದ ಫುಲ್‌ಬ್ಯಾಕ್ ಹೊರಕ್ಕೆ ಬರುತ್ತಾನೆ. ಮೂರನೆಯವನು ಓಟಗಾರನಿಗೆ ಕಟ್ಟುಬಿದ್ದರೆ ಪಾಸ್ ಹಿಂದಿನಿಂದ ಫುಲ್‌ಬ್ಯಾಕ್‌ಗೆ. ಹೊರಗೆ ಮೂವರ ಎದುರು ಇಬ್ಬರೇ. ಮೂರನೆಯವನು ಹೊರಕ್ಕೆ ಜಾರಿದರೆ ಶಾರ್ಟ್ ಪಾಸ್ ಸೆಕೆಂಡ್ ರೋಗೆ. ಕಬಡ್ಡಿಯಲ್ಲಿ ಕಾರ್ನರ್ ಡಿಫೆಂಡರ್ ಅರ್ಧ ಸೆಕೆಂಡ್ ಮೊದಲೇ ಕಾಲಿಗೆ ಬಿದ್ದರೆ ಏನಾಗುತ್ತದೋ ಇಲ್ಲೂ ಅದೇ.

ಕೆಡುವುದು ಎಲ್ಲಿ? ಹೆಚ್ಚಿನ ಸಲ ಹಾಫ್‌ಬ್ಯಾಕ್ ಕಾಲಲ್ಲಿ. ಲೈನಿಗೆ ಐದಾರು ಮೀಟರ್ ಇರುವಾಗಲೇ ಚೆಂಡು ಬಿಟ್ಟರೆ ಮೂರನೆಯವನಿಗೆ ನೋಡಿಕೊಳ್ಳಲು ಪುರುಸೊತ್ತು. ಓಟಗಾರನನ್ನು ಒಳಗಿನವನಿಗೆ ಬಿಟ್ಟುಕೊಟ್ಟು ತಾನು ಜಾರುತ್ತಾನೆ, ಲೆಕ್ಕ ಮತ್ತೆ ಮೂರಕ್ಕೆ ಮೂರು. ಇನ್ನು ಅಡ್ಡಡ್ಡ ಓಡುವ ಹಾಫ್‌ಬ್ಯಾಕ್ ತನ್ನದೇ ವಿಂಗರನ ಜಾಗ ತಿನ್ನುತ್ತಾನೆ. ಫುಲ್‌ಬ್ಯಾಕ್ ಬೇಗ ಹೊರಟರೆ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಓಟಗಾರ ಡಿಫೆನ್ಸ್ ಲೈನಲ್ಲೇ ನಿಂತುಬಿಟ್ಟರೆ, ಇಲ್ಲವೇ ಫುಲ್‌ಬ್ಯಾಕ್ ಅವನ ಹೊರಭುಜ ದಾಟುವ ಮೊದಲೇ ಚೆಂಡು ಹಿಡಿದರೆ ಅಬ್‌ಸ್ಟ್ರಕ್ಷನ್ (ಡಿಫೆಂಡರ್‌ಗೆ ಅಡ್ಡಬಂದ ತಪ್ಪು), ಟ್ರೈ (ಗೆರೆಯಾಚೆ ಚೆಂಡೂರಿ ಗಳಿಸುವ ಅಂಕ) ರದ್ದು. ಮೆಲ್ಬರ್ನ್ ಸ್ಟಾರ್ಮ್ ತಂಡದಲ್ಲಿ ಸ್ಮಿತ್, ಹಾಫ್‌ಬ್ಯಾಕ್ ಕ್ರಾಂಕ್, ಫುಲ್‌ಬ್ಯಾಕ್ ಸ್ಲೇಟರ್ ಆಡಿದ್ದೂ ಇದೇ ಪಟ್ಟು. ಸ್ಲೇಟರ್ ತಡವಾಗಿ ಹೊರಟು ಪೂರ್ತಿ ವೇಗದಲ್ಲಿ ಬರುತ್ತಿದ್ದ, ಕ್ರಾಂಕ್ ಏಟು ತಿನ್ನಲು ಹೆದರದೆ ಕೊನೇ ಗಳಿಗೆಯವರೆಗೂ ಚೆಂಡು ಹಿಡಿದಿರುತ್ತಿದ್ದ. ಆ ಧೈರ್ಯ ಈಗಿನ ಅನೇಕ ಹಾಫ್‌ಗಳಲ್ಲಿಲ್ಲ.

2010ರಿಂದ ಮೂಲೆಯ ಕಂಬ, ಅಂದರೆ ಕಾರ್ನರ್ ಪೋಸ್ಟ್, ತಾಗಿದರೂ ಟಚ್ (ಮೈದಾನದಿಂದ ಹೊರಹೋದಂತೆ) ಅಲ್ಲ. ಗಾಳಿಯಲ್ಲಿ ಹಾರಿ ಒಂದೇ ಕೈಯಲ್ಲಿ ಚೆಂಡೂರುವ ವಿಂಗರ್‌ಗಳು ಹೆಚ್ಚಿದ್ದು ಆಮೇಲೆ. ಹೀಗಾಗಿ ಇದೇ ಪಟ್ಟಿನ ಕೊನೇ ಪಾಸಿಗೆ ಬೆಲೆ ಇನ್ನೂ ಏರಿತು.

ದೊಡ್ಡ ತಿರುವು 2020ರ ಸಿಕ್ಸ್ ಅಗೇನ್. ಟ್ಯಾಕಲ್ ಆದವನ ಮೇಲೆ ಮಲಗಿ ಆಟ ನಿಧಾನ ಮಾಡಿದರೆ ಪೆನಾಲ್ಟಿ ಬದಲು ಎಣಿಕೆ ಮತ್ತೆ ಮೊದಲಿಂದ. ದಮ್ಮು ತಿರುಗಿಸಿಕೊಳ್ಳಲು ಬಿಡುವೇ ಇಲ್ಲದ್ದರಿಂದ ಸುಸ್ತಾದ ಮಾರ್ಕರ್‌ಗಳ (ಟ್ಯಾಕಲ್ ಆದವನ ಎದುರು ನಿಲ್ಲುವ ಡಿಫೆಂಡರ್‌ಗಳು) ಪಕ್ಕದಿಂದ ಡಮ್ಮಿ ಹಾಫ್ (ಅವನ ಹಿಂದೆ ನಿಂತು ಚೆಂಡು ಎತ್ತಿಕೊಳ್ಳುವವನು) ನುಗ್ಗುವುದು ಜಾಸ್ತಿಯಾಯಿತು. 2021ರಿಂದ 2024ರವರೆಗೆ ನಾಲ್ಕು ಪ್ರಶಸ್ತಿ ಗೆದ್ದ ಪೆನ್ರಿತ್ ತಂಡದವರು ವೇಗದ ಜತೆಗೆ ಹಾಫ್‌ಬ್ಯಾಕ್ ನೇಥನ್ ಕ್ಲೀರಿಯ ಕಿಕ್‌ನಿಂದ ಎದುರಾಳಿಯನ್ನು ಮೂಲೆಗೆ ತಳ್ಳಿ, ಆಮೇಲೆ ಆಟ ಕಟ್ಟಿದರು.

ಹಳೇ ಅರ್ಥದ ಯೋಜಿತ ಪಟ್ಟಿಗೆ ಈಗ ಉಳಿದಿರುವ ಜಾಗ ಸ್ಕ್ರಮ್, ಅಂದರೆ ಎರಡೂ ತಂಡದವರು ಒಟ್ಟುಗೂಡಿ ಬಾಗಿ ಹೆಣೆದುಕೊಂಡು ಆಟ ಮತ್ತೆ ಶುರುಮಾಡುವ ಕ್ರಮ. ಆರಾರು ಜನ ಸ್ಕ್ರಮ್‌ನಲ್ಲಿ ಸಿಕ್ಕಿಕೊಂಡಿರುವಾಗ 68 ಮೀಟರ್ ಅಗಲಕ್ಕೆ ತಲಾ ಏಳೇ ಜನ. 2020ರಿಂದ ಅದನ್ನು ಮೈದಾನದ ನಡುವಲ್ಲಿ ಹಾಕಿಸಿಕೊಳ್ಳಬಹುದು, ಆಗ ಡಿಫೆನ್ಸ್ ಎರಡೂ ಕಡೆಗೆ ಒಡೆದು ನಿಲ್ಲಲೇಬೇಕು. ಇಷ್ಟಿದ್ದೂ ಬಹಳ ತಂಡಗಳು ಸೆಂಟರ್ ಕೈಗೆ ಚೆಂಡು ಕೊಟ್ಟು ಸುಮ್ಮನೆ ಒಂದು ನೇರ ಓಟ ಓಡಿಸಿ ಮೊದಲ ಟ್ಯಾಕಲ್ ಮುಗಿಸುತ್ತವೆ. ನಿಜವಾಗಿ ಕೋಪ ಬರಬೇಕಾದದ್ದು ಇದಕ್ಕೆ.