ಫ್ರಿಜ್ ಮೇಲಿನ ಬಾಟಲಿ

ಹೋದ ತಿಂಗಳು ಬೆಟಗೇರಿಯ ತಂಗಿ ಮನೆಗೆ ಹೋಗಿದ್ದೆ. ಅವಳ ಮೂರು ವರ್ಷದ ಮಗಳು ಬಾಗಿಲ ಹಿಂದೆ ಕೂತು ಬಳಪ ತಿನ್ನುತ್ತಿತ್ತು. ಕಟಂಕಟಂ ಸದ್ದು. "ಎಷ್ಟ್ ತಂದ್ರೂ ಸಾಲಂಗಿಲ್ಲಕ್ಕಾ, ಡಬ್ಬಿ ಖಾಲಿ ಮಾಡ್ತಾಳ" ಅಂತ ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ರಕ್ತ ಕಡಿಮೆಯಾದ ಮಕ್ಕಳು ಹೀಗೆ ಬಳಪ ತಿನ್ನುವುದುಂಟು. ಮಗುವಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆಲ್ಲ ಬೆಳ್ಳಗೆ. ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6. ಈ ವಯಸ್ಸಿಗೆ 11 ಆದರೂ ಇರಬೇಕು.

"ಐರನ್ ಸಿರಪ್ ಕೊಟ್ಟಿಲ್ವಾ ನಿನಗೆ?" ಅಂದೆ. ಕೊಟ್ಟಿದ್ದರು. ಫ್ರಿಜ್ ಮೇಲೆ, ಹಳೇ ಕ್ಯಾಲೆಂಡರ್ ಹಿಂದೆ, ಧೂಳು ಹಿಡಿದು ಕೂತಿತ್ತು. "ಎರಡ್ ಸಲ ಹಾಕಿದ್ನಿ. ಕಕ್ಕಾ ಕರ್ರಗ ಆತು. ಅತ್ತಿ ಹೆದ್ರಿ, ಉಷ್ಣ ಆಗೇತಿ, ಸಾಕ್ ಬಿಡು ಅಂದ್ರು."

ಅತ್ತೆಯನ್ನು ಬೈಯಲು ಮನಸ್ಸು ಬರಲಿಲ್ಲ. ಕೂಸಿನ ಕಕ್ಕಾ ಕಪ್ಪಗಾದರೆ ಯಾರಿಗಾದರೂ ಹೆದರಿಕೆಯೇ, ಅಲ್ವಾ? ಹೊಟ್ಟೆಯಲ್ಲಿ ಉಳಿದ ಕಬ್ಬಿಣದ ಅಂಶ ಹೊರಗೆ ಹೋಗುವಾಗ ಬಣ್ಣ ಹಾಗಾಗುತ್ತದೆ, ಅಷ್ಟೇ. ಬಾಟಲಿ ಕೈಗೆ ಕೊಡುವಾಗ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಅನೀಮಿಯಾ, ಅಂದರೆ ರಕ್ತ ಕಡಿಮೆಯಾಗುವುದನ್ನು ತಡೆಯಲು ಕೇಂದ್ರ ಸರ್ಕಾರದ 'ಅನೀಮಿಯಾ ಮುಕ್ತ ಭಾರತ' ಯೋಜನೆ ಶುರುವಾದದ್ದು 2018ರಲ್ಲಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆರಡು ಸಲ, ಒಂದೊಂದು ಎಂಎಲ್ ಸಿರಪ್, ಪುಕ್ಕಟೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಈ ವಯಸ್ಸಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತ ಕಡಿಮೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ 60.9 ಇತ್ತು. ಜಾಸ್ತಿಯೇ ಆಗಿದೆ! ಎಷ್ಟು ಮನೆಗಳ ಫ್ರಿಜ್ ಮೇಲೆ ಹೀಗೆ ಬಾಟಲಿ ಕೂತಿದೆಯೋ.

ಇನ್ನೊಂದು, ನಮ್ಮ ಚಾ. ಬೆಳಗ್ಗೆ ಎದ್ದ ಕೂಡಲೇ ಕೂಸಿಗೂ ಬಸಿಯಲ್ಲಿ ಚಾ, ಅದರಲ್ಲಿ ಅದ್ದಿದ ಟೋಸ್ಟ್. ಊಟದ ಜೊತೆಗೋ ಔಷಧಿ ಜೊತೆಗೋ ಚಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೆಂತ್ಯ ಪಲ್ಲೆ, ಹೆಸರುಕಾಳು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತವೆ. ಮೇಲೊಂದಿಷ್ಟು ನಿಂಬೆ ಹಿಂಡಿದರೆ ಒಳ್ಳೆಯದು. ಜಂತುಹುಳದ ಮಾತ್ರೆಯನ್ನೂ ಮರೆಯಬಾರದು. ಆದರೆ 8.6ಕ್ಕೆ ಇಳಿದ ಮೇಲೆ ಬರೀ ಪಲ್ಲೆಯಿಂದ ಆಗುವ ಕೆಲಸವಲ್ಲ. ಡಾಕ್ಟರ್ ತೂಕ ನೋಡಿ, ದಿನಾ ಎಷ್ಟು ಹಾಕಬೇಕು ಅಂತ ಬರೆದುಕೊಟ್ಟರು. ಜಾಸ್ತಿ ಕುಡಿದರೆ ಅಪಾಯ, ಮಕ್ಕಳ ಕೈಗೆ ಸಿಗದಂತೆ ಇಡಿ ಅಂತಲೂ ಹೇಳಿದರು. ಆ ಲೆಕ್ಕದಲ್ಲಿ ಫ್ರಿಜ್ ಮೇಲಿಟ್ಟದ್ದು ಸರಿಯೇ ಅನ್ನಿ!

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಈಗ ಅತ್ತೆಯೇ ನೆನಪಿಟ್ಟು ಸಿರಪ್ ಹಾಕುತ್ತಾರಂತೆ. ಬಳಪ ತಿನ್ನುವುದು ಇನ್ನೂ ಪೂರ್ತಿ ನಿಂತಿಲ್ಲ. ಆದರೆ ಒಂದು ಡಬ್ಬಿ ಎರಡು ವಾರ ಬಂದಿದೆಯಂತೆ.